ಹಾಲಿ (holly) ಮರ: ಆರು ವರ್ಷವಾದರೂ ಒಂದು ಹಣ್ಣೂ ಇಲ್ಲ, ಸಹಾಯ ಮಾಡಿ

ಎಡಿಸನ್ ಹಿತ್ತಲು: ನ್ಯೂಜೆರ್ಸಿಯ ನಮ್ಮ ಹಿತ್ತಲಲ್ಲಿ ಅಮೆರಿಕನ್ ಹಾಲಿ ಅನ್ನುವ, ಕೆಂಪು ಹಣ್ಣು ಬಿಡುವ ನಿತ್ಯಹಸಿರು ಮರ ನೆಟ್ಟು ಆರು ವರ್ಷ ಆಯಿತು. ಪ್ರತಿ ಸಲ ಮೇ ಕೊನೆಗೆ ತುಂಬಾ ಹೂ ಬಿಡುತ್ತದೆ. ಡಿಸೆಂಬರ್‌ಗೆ ನೋಡಿದರೆ ಒಂದು ಕೆಂಪು ಹಣ್ಣೂ ಇಲ್ಲ. ಈ ಏಪ್ರಿಲ್‌ನಲ್ಲಿ ಎಲೆಯೂ ಹಳದಿಯಾಗಿ ಉದುರುತ್ತಿದೆ. ನೀರು, ಗೊಬ್ಬರ ಎಲ್ಲಾ ಸರಿಯಾಗೇ ಕೊಟ್ಟಿದ್ದೇನೆ. ಸಾಕಾಗಿ ಹೋಗಿದೆ.

ಕೆಮ್ಮಣ್ಣು: ಹಳದಿ ಅಂದರೆ ಮಣ್ಣಿನದೇ ತೊಂದರೆ. ಹಾಲಿಗೆ ಹುಳಿ ಮಣ್ಣು ಬೇಕು. ಗೋಡೆ ಪಕ್ಕ ನೆಟ್ಟಿದ್ದೀರಾ? ಸಿಮೆಂಟಿನ ಸುಣ್ಣ ಇಳಿದಿರುತ್ತದೆ. ಗಂಧಕ ಹಾಕಿ.

ಎಡಿಸನ್ ಹಿತ್ತಲು: ಗೋಡೆ ದೂರ ಇದೆ ಸರ್. ಮಣ್ಣಿನ ಪಿಎಚ್ (ಹುಳಿಯ ಅಳತೆ) 5.6 ಬಂತು, ಅಂದರೆ ಹುಳಿ ಮಣ್ಣೇ.

ಕೆಮ್ಮಣ್ಣು: ಒಂದೇ ಕಡೆ ಮಣ್ಣು ತೆಗೆದಿರುತ್ತೀರಿ. ನಾಲ್ಕು ಕಡೆ ತೆಗೆದು ಬೆರೆಸಿ ನೋಡಿ.

ಫಿಲ್ಟರ್ ಲೋಟ: ಗಂಧಕ ಯಾಕೆ? ಕಾಫಿ ಚರಟ ಹಾಕಿದರೆ ಸಾಕು.

ಕೆಮ್ಮಣ್ಣು: ಚರಟದಲ್ಲಿ ಹುಳಿ ಎಲ್ಲಿ ಉಳಿದಿರುತ್ತದೆ? ಜಾಸ್ತಿ ಪಾಲು ಡಿಕಾಕ್ಷನ್‌ಗೇ ಇಳಿದು ಹೋಗುತ್ತದೆ.

ಫಿಲ್ಟರ್ ಲೋಟ: ನಾನು ಹತ್ತು ವರ್ಷದಿಂದ ಹಾಕುತ್ತಿದ್ದೇನೆ. ಗಿಡ ಚೆನ್ನಾಗಿದೆ.

ಶಿರಸಿ ತೋಟ: ಉದುರುತ್ತಿರುವುದು ಒಳಗಿನ ಹಳೆ ಎಲೆ ತಾನೇ? ಹಾಗಾದರೆ ಹೆದರಬೇಡಿ. ನಿತ್ಯಹಸಿರು ಮರವೂ ಎಲೆ ಉದುರಿಸುತ್ತದೆ. ಹಾಲಿಯಲ್ಲಿ ಎರಡು ಮೂರು ವರ್ಷದ ಎಲೆ ಚಿಗುರಿನ ಹೊತ್ತಿಗೆ ಬೀಳುತ್ತದೆ. ಹಣ್ಣಿನ ವಿಷಯ ಬೇರೆ. ಜಾಯಿಕಾಯಿ ಹಾಗೆ ಇದರಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೂವಿನ ನಡುವೆ ಹಸಿರು ಗುಂಡು ಇದ್ದರೆ ಹೆಣ್ಣು. ಹತ್ತಿರ ಗಂಡು ಇದೆಯಾ?

ಎಡಿಸನ್ ಹಿತ್ತಲು: ಹೌದು, ಒಳಗಿನ ಎಲೆಯೇ. ಹೋದ ವರ್ಷದ ಫೋಟೊದಲ್ಲಿ ಹಸಿರು ಗುಂಡೂ ಕಾಣುತ್ತದೆ. ಗಂಡು ಹತ್ತೇ ಅಡಿ ದೂರದಲ್ಲಿದೆ, ಬ್ಲೂ ಪ್ರಿನ್ಸ್. ನರ್ಸರಿಯವರೇ ಜೋಡಿ ಅಂತ ಕೊಟ್ಟಿದ್ದು. ಅದಕ್ಕೇ ಹೇಳಲಿಲ್ಲ.

ಶಿರಸಿ ತೋಟ: ಗಂಟು ಇರುವುದು ಅಲ್ಲೇ. ಬ್ಲೂ ಪ್ರಿನ್ಸ್ ಬೇರೆ ಜಾತಿಯ ಮಿಶ್ರತಳಿ. ನಿಮ್ಮ ಮರ ಹೂ ಬಿಡುವಷ್ಟರಲ್ಲಿ ಅದರದು ಮುಗಿದಿರುತ್ತದೆ. ಅಮೆರಿಕನ್ ಹಾಲಿಯದೇ ಗಂಡು ಬೇಕು. ರಟ್ಗರ್ಸ್ ವಿಶ್ವವಿದ್ಯಾಲಯದವರ ಜರ್ಸಿ ನೈಟ್ ಒಳ್ಳೆಯ ಗಂಡು ತಳಿ. ಬೀಜದ ಗಿಡ ತರಬೇಡಿ. ಗಂಡೋ ಹೆಣ್ಣೋ ಅಂತ ತಿಳಿಯಲು ಹೂ ಬಿಡುವ ತನಕ ವರ್ಷಗಟ್ಟಲೆ ಕಾಯಬೇಕು. ಈ ವರ್ಷಕ್ಕೆ ಯಾರ ಹತ್ತಿರವಾದರೂ ಕೇಳಿ, ಹೂವಿರುವ ಗಂಡು ರೆಂಬೆ ತಂದು ನೀರಿನ ಬಕೆಟ್‌ನಲ್ಲಿ ಮರದ ಬುಡಕ್ಕೆ ಇಡಿ. ಪರಾಗ ಸಾಗಿಸುವ ಕೆಲಸ ಜೇನ್ನೊಣ ಮಾಡುತ್ತದೆ.

ಎಡಿಸನ್ ಹಿತ್ತಲು: ತುಂಬಾ ಥ್ಯಾಂಕ್ಸ್ ಅಣ್ಣಾ. ಹಿತ್ತಲಲ್ಲಿ ಇನ್ನು ಜಾಗ ಇಲ್ಲ. ಬ್ಲೂ ಪ್ರಿನ್ಸ್ ಕಿತ್ತು ಅಲ್ಲೇ ನೆಡಬಹುದಾ?

ಡೆಲವೇರ್ ಮನೆ: ನಮ್ಮ ಡೆಲವೇರ್‌ನಲ್ಲಿ ಅಮೆರಿಕನ್ ಹಾಲಿ 1939ರಿಂದ ರಾಜ್ಯದ ಮರ. ನಮ್ಮ ಮನೆ ಮುಂದಿನದು ಮೂವತ್ತು ಅಡಿ ಬೆಳೆದಿದೆ. ಚಳಿಗಾಲದ ಕೊನೆಗೆ ರಾಬಿನ್ ಹಕ್ಕಿಗಳ ಹಿಂಡು ಬಂದು ಎರಡೇ ದಿನದಲ್ಲಿ ಹಣ್ಣೆಲ್ಲ ಖಾಲಿ ಮಾಡಿತು. ಫೋಟೊ ಹಾಕಲಾ?

ಫಿಲ್ಟರ್ ಲೋಟ: ಹಾಕಿ, ಹಾಕಿ! ಬುಡಕ್ಕೆ ಏನು ಹಾಕುತ್ತೀರಿ?

ಕೆಮ್ಮಣ್ಣು: ಪಿಎಚ್ ಎಷ್ಟಿದೆ ಅಂತಲೂ ಹೇಳಿ.