ಅಪ್‌ಡೇಟ್: ವಯಲಿನ್ ಬಿರಡೆ ಜಾರುವುದು ಕೊನೆಗೂ ನಿಂತಿತು

ವಿಜಯಪುರದ ಬಿಸಿಲಿಗೆ ವಯಲಿನ್ ಬಿರಡೆ (ತಂತಿ ಸುತ್ತಿ ಬಿಗಿ ಮಾಡುವ ಗೂಟ) ಜಾರಿ ಶ್ರುತಿ ನಿಲ್ಲುತ್ತಿಲ್ಲ, ಎಂಟೇ ದಿನದಲ್ಲಿ ನನ್ನ ಮೊದಲ ಕಛೇರಿ ಎಂದು ಇಲ್ಲಿ ಗೋಳಾಡಿ ಉಪಾಯ ಕೇಳಿದ್ದೆನಲ್ಲ, ಆ ಕಛೇರಿ ನಿನ್ನೆ ಸಂಜೆ ಮುಗಿಯಿತು.

ಸೀಮೆಸುಣ್ಣ ಹಚ್ಚಲು ಹೇಳಿದ ಅಣ್ಣನವರಿಗೆ ಅರ್ಧ ಪುಣ್ಯ. ಅದು ಎರಡು ದಿನವಷ್ಟೇ ಹಿಡಿಯಿತು. ಕಮಾನಿನ ರಾಳವನ್ನೇ ಬಿರಡೆಗೆ ಸವರಿದ್ದಂತೂ ಪಜೀತಿ! ತಿರುಗಿಸಿದರೆ ಕಟಕಟ ಎಂದು ಜಿಗಿಯುತ್ತಿತ್ತು, ಒರೆಸಿ ತೆಗೆಯುವಷ್ಟರಲ್ಲಿ ಸಾಕಾಯಿತು. ಗೆದ್ದದ್ದು ತಂತಿ ಬಿಚ್ಚಿ ಮತ್ತೆ ಸುತ್ತಲು ಹೇಳಿದ ಅಕ್ಕನವರ ಮಾತು. ನನ್ನ ಸುತ್ತುಗಳೆಲ್ಲ ಬಿರಡೆಯ ನಡುವೆ ಗುಂಪಾಗಿದ್ದವು. ಬಿರಡೆ ಕೂರುವ ಪೆಟ್ಟಿಗೆಯಲ್ಲಿ, ಬಿರಡೆಯ ಹಿಡಿ ಇರುವ ಕಡೆಯ ಗೋಡೆಗೆ ತಾಗುವಂತೆ ತಂತಿ ಸುತ್ತಿ, ತಿರುಗಿಸುವಾಗ ಒಳಕ್ಕೆ ಒತ್ತಿದೆ. ಒಣ ಹವೆಗೆ ಮರ ಕುಗ್ಗುವುದರಿಂದ ಈ ಒತ್ತು ಬೇಕೇಬೇಕಂತೆ.

ನುಡಿಸಿದ್ದು ಯಮನ್ ರಾಗ: 12 ಮಾತ್ರೆಯ (ತಾಳದ ಎಣಿಕೆ) ಏಕತಾಲದಲ್ಲಿ ವಿಲಂಬಿತ್ (ನಿಧಾನ ಗತಿ), 16 ಮಾತ್ರೆಯ ತೀನತಾಲದಲ್ಲಿ ದ್ರುತ್ (ವೇಗದ ಗತಿ). ಕೊನೆಗೆ ಭೈರವಿಯಲ್ಲಿ ಒಂದು ದಾಸರ ಪದ. ಆಲಾಪದಲ್ಲಿ ಒಮ್ಮೆ ತೀವ್ರ ಮಧ್ಯಮ (ಏರಿಸಿದ ‘ಮ’ ಸ್ವರ) ತುಸು ಕೆಳಗಿಳಿಯಿತು, ಮುಂದಿನ ಸಾಲಿನಲ್ಲಿದ್ದ ಗುರುಗಳ ಹುಬ್ಬು ಮೇಲೇರಿತು. ಅದು ಬಿರಡೆಯ ತಪ್ಪಲ್ಲ, ಬೆರಳಿನದು.

ಯಾರೂ ಹೇಳದ ಒಂದು ಸಂಗತಿ: ಶ್ರುತಿ ಕೆಡಿಸುವುದರಲ್ಲಿ ವೇದಿಕೆಯ ಫ್ಯಾನಿನ ಪಾಲೂ ಇತ್ತು. ಅದನ್ನು ಆರಿಸಲು ಹೇಳಿದಾಗ ಸಭಿಕರು ಗೊಣಗಿದರು, ತಬಲಾದವರು ಮಾತ್ರ ನನಗೆ ಕೈಮುಗಿದರು.