ಹೊಯ್ಗೆ (ಮರಳು) ದಿಬ್ಬ ಅಗೆದಿದ್ದಾರೆ, ಮಳೆಗಾಲಕ್ಕೆ ಮುಂಚೆ ಏನು ಮಾಡುವ?

ಕಡಲ ಬದಿ ಕೊನೆಯ ಮನೆ: ಎಲ್ಲರಿಗೂ ನಮಸ್ಕಾರ. ನಿನ್ನೆ ಬೆಳಿಗ್ಗೆ ಕಡಲ ಬದಿ ಹೋದವರು ನೋಡಿರಬಹುದು. ಗಾಳಿಮರದ ಸಾಲಿನ ಎದುರಿದ್ದ ಹೊಯ್ಗೆ ದಿಬ್ಬವನ್ನು ಜೆಸಿಬಿ ತಂದು ಸಪಾಟು ಮಾಡಿದ್ದಾರೆ. ನಾನು ನಡೆದು ಅಳೆದೆ, ಎಪ್ಪತ್ತು ಹೆಜ್ಜೆ ಉದ್ದ ಉಂಟು. ಪ್ರವಾಸಿಗರ ಕಾರು ನಿಲ್ಲಿಸಲು ಅಂತೆ. ಅಡಂಬು ಬಳ್ಳಿಯನ್ನು ಬೇರು ಸಮೇತ ಕಿತ್ತು ಒಂದು ಮೂಲೆಗೆ ರಾಶಿ ಹಾಕಿದ್ದಾರೆ. ಅದರ ನೇರಳೆ ಹೂವು ಇನ್ನೂ ಬಾಡಿರಲಿಲ್ಲ. ಮಳೆಗಾಲಕ್ಕೆ ಐದು ವಾರ ಉಂಟು ಅಷ್ಟೆ. ಕಳೆದ ಆಟಿಯಲ್ಲಿ (ಜುಲೈ-ಆಗಸ್ಟ್) ನೀರು ನಮ್ಮ ಕಾಂಪೌಂಡಿನ ಬುಡಕ್ಕೆ ಬಂದಿತ್ತು. ಆಗ ದಿಬ್ಬ ಇತ್ತು. ಈ ಸಲ ಅದೂ ಇಲ್ಲ. ಎರಡು ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

4ನೇ ಅಡ್ಡರಸ್ತೆ: ನಾವೇ ಹಣ ಸೇರಿಸಿ ಕಲ್ಲು ಹಾಕಿಸುವ. ಅರ್ಜಿ, ಸಭೆ ಎಂದು ಕೂತರೆ ಮಳೆ ಬಂದೇ ಬಿಡುತ್ತದೆ.

ನಾಡದೋಣಿ ಅಣ್ಣ: ಕಲ್ಲು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಮನೆ ಬೀಳುವ ಹೊತ್ತಿಗೆ ಹಾಕಲೇಬೇಕಾಗುತ್ತದೆ. ಆದರೆ ಕಲ್ಲಿಗೆ ಬಡಿದ ಅಲೆ ವಾಪಸು ಹೋಗುವಾಗ ಬುಡದ ಹೊಯ್ಗೆಯನ್ನು ಎಳೆದುಕೊಂಡು ಹೋಗುತ್ತದೆ. ಕಲ್ಲು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಪಕ್ಕದವರ ಜಾಗ ತಿನ್ನಲು ಶುರು. ಅಲ್ಲಿರುವುದು ನನ್ನ ಅಕ್ಕನ ಮನೆ. ಮತ್ತೆ ಕಲ್ಲಿನ ರಾಶಿ ಮೇಲೆ ದೋಣಿ ಎಳೆಯುವುದು ಹೇಗೆ? ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯಲು ಕಾಲೂರುವ ಜಾಗವೂ ಇರುವುದಿಲ್ಲ. ನನ್ನ ಅಜ್ಜಿ ನೀರು ಸೇದುತ್ತಿದ್ದ ಬಾವಿಯ ಕಟ್ಟೆ ಈಗ ಕಡಲ ನೀರು ತುಂಬಾ ಇಳಿದ ದಿನ ಮಾತ್ರ ಕಾಣುತ್ತದೆ, ಮೈತುಂಬ ಚಿಪ್ಪು ಕಟ್ಟಿಕೊಂಡು. ನಾನು ಸುಮ್ನೆ ಹೇಳುವುದಲ್ಲ.

ಮಾಸ್ಟ್ರು, 2ನೇ ಅಡ್ಡರಸ್ತೆ: ಅಣ್ಣ ಹೇಳಿದ್ದು ಸರಿ. ನಮಗೆ ದೂರದ ಉದಾಹರಣೆ ಬೇಡ, ಮಂಗಳೂರಿನ ಹತ್ತಿರದ ಉಳ್ಳಾಲವೇ ಉಂಟು. ನೇತ್ರಾವತಿ ನದಿ ಕಡಲು ಸೇರುವ ಅಳಿವೆಗೆ ಎರಡೂ ಬದಿ ಕಲ್ಲಿನ ಬ್ರೇಕ್‌ವಾಟರ್ (ಅಲೆ ತಡೆಯುವ ಗೋಡೆ) ಕಟ್ಟಿದ ಮೇಲೆ ಬಡಗು ಬದಿಯ ಬೆಂಗ್ರೆಯಲ್ಲಿ ಹೊಯ್ಗೆ ತುಂಬಿತು, ತೆಂಕಿನ ಉಳ್ಳಾಲದಲ್ಲಿ ಕೊರೆತ ಜಾಸ್ತಿ ಆಯಿತು. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಕಡಲೊಳಗೆ ಅಲೆಯ ಬಲ ತಗ್ಗಿಸುವ ರೀಫ್ ಕಟ್ಟಬೇಕಾಯಿತು. ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಅನುಭವಿಸುತ್ತಾರೆ.

ದಿಬ್ಬ ಎಂದರೆ ಕಡಲಿನ ಠೇವಣಿ ಇದ್ದ ಹಾಗೆ. ಮಳೆಗಾಲದ ಅಲೆ ಅದರಿಂದ ಹೊಯ್ಗೆ ಎಳೆದು ಸ್ವಲ್ಪ ದೂರದಲ್ಲಿ ನೀರಿನಡಿ ಗುಡ್ಡೆ ಹಾಕುತ್ತದೆ. ದೊಡ್ಡ ಅಲೆ ಆ ಗುಡ್ಡೆಯ ಮೇಲೆಯೇ ಒಡೆಯುತ್ತದೆ, ದಡಕ್ಕೆ ಬರುವಾಗ ಅದರ ಬಲ ಕಡಿಮೆ ಆಗಿರುತ್ತದೆ. ಮಳೆ ಕಳೆದು ಕಡಲು ತಣ್ಣಗಾದ ಮೇಲೆ ಅದೇ ಹೊಯ್ಗೆ ದಡಕ್ಕೆ ವಾಪಸು ಬರುತ್ತದೆ. ಗಾಳಿಗೆ ಹಾರಿ ಬಂದದ್ದನ್ನು ಹಿಡಿದು ದಿಬ್ಬ ಕಟ್ಟುವುದು ಅಡಂಬು ಬಳ್ಳಿ. ಗೆಣ್ಣು ಗೆಣ್ಣಿಗೂ ಬೇರು ಬಿಡುವ ಬಳ್ಳಿ ಅದು.

ಕಾನೂನೂ ನಮ್ಮ ಕಡೆ ಉಂಟು. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಮರಳು ದಿಬ್ಬ ಅತಿ ಸೂಕ್ಷ್ಮ ಜಾಗಗಳ ಪಟ್ಟಿಯಲ್ಲಿದೆ. ಜೀವಂತ ದಿಬ್ಬವನ್ನು, ಅಂದರೆ ಈಗಲೂ ಹೊಯ್ಗೆ ಬಂದು ಹೋಗುವ ದಿಬ್ಬವನ್ನು, ಸಪಾಟು ಮಾಡುವಂತಿಲ್ಲ.

ಅಂಗಡಿ ಅಕ್ಕ: ಒಂದು ಮಾತು ಹೇಳಲೇಬೇಕು. ಶನಿವಾರ, ಭಾನುವಾರ ಬರುವ ಜನರಿಂದಲೇ ನನ್ನ ಅಂಗಡಿ ನಡೆಯುವುದು. ಕಾರು ನಿಲ್ಲಿಸಲು ಜಾಗ ಬೇಕೇ ಬೇಕು, ಇಲ್ಲದಿದ್ದರೆ ನಿಮ್ಮ ಗೇಟಿನ ಎದುರೇ ನಿಲ್ಲಿಸುತ್ತಾರೆ. ಜೆಸಿಬಿ ಬೇಡ ಎಂದರೆ ಸಾಲದು, ಎಲ್ಲಿ ಎಂದೂ ಹೇಳಬೇಕು ಅಲ್ವಾ?

ಕಡಲ ಬದಿ ಕೊನೆಯ ಮನೆ: ಅಕ್ಕ, ರಸ್ತೆಯ ಆಚೆ ಬದಿ ಪಂಚಾಯತಿನ ಖಾಲಿ ಜಾಗ ಉಂಟಲ್ಲ, ಹಳೆ ಐಸ್ ಪ್ಲಾಂಟ್ ಹಿಂದೆ? ಅಲ್ಲಿಂದ ನಡೆದರೆ ಐದು ನಿಮಿಷ. ದಾರಿಯಲ್ಲಿ ನಿಮ್ಮ ಅಂಗಡಿಯೇ ಸಿಗುತ್ತದೆ.

ಅಂಗಡಿ ಅಕ್ಕ: ಹಾಗಾದರೆ ನನ್ನ ಸಹಿ ಮೊದಲು ಹಾಕಿ.

ನಾಡದೋಣಿ ಅಣ್ಣ: ಕಡಲಾಮೆಯ ವಿಷಯವನ್ನೂ ಅರ್ಜಿಯಲ್ಲಿ ಸೇರಿಸಿ. 2024ರಲ್ಲಿ ಸಸಿಹಿತ್ಲು, ತಣ್ಣೀರುಬಾವಿ ಕಡೆ ಮೊಟ್ಟೆ ಇಟ್ಟಿತ್ತು. ನಮ್ಮಲ್ಲಿ ದಿಬ್ಬವೇ ಇಲ್ಲದಿದ್ದರೆ ಅದು ಎಲ್ಲಿ ಬರಬೇಕು?

4ನೇ ಅಡ್ಡರಸ್ತೆ: ಮಾಸ್ಟ್ರೇ, ಅರ್ಜಿ ಯಾರಿಗೆ ಕೊಡುವುದು? ಪಂಚಾಯತಿಗೆ ಕೊಟ್ಟದ್ದು ಅಲ್ಲೇ ಕೂರುತ್ತದೆ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ.

ಮಾಸ್ಟ್ರು, 2ನೇ ಅಡ್ಡರಸ್ತೆ: ಎರಡು ಕಡೆ ಕೊಡುವ. ವಾರ್ಡ್ ಸಭೆಯಲ್ಲಿ ಬರೆಸಿ ಗ್ರಾಮ ಸಭೆಗೆ ಹೋಗುವ ಹಾಗೆ ಮಾಡಬೇಕು. ಬಾಯಲ್ಲಿ ಹೇಳಿ ಬರುವುದಲ್ಲ, ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಇನ್ನೊಂದು ಪ್ರತಿ ಜಿಲ್ಲಾಧಿಕಾರಿಗೆ. ಸಿಆರ್‌ಝಡ್‌ಗೆ ಅವರ ಅಧ್ಯಕ್ಷತೆಯಲ್ಲಿ ಜಿಲ್ಲಾ ಸಮಿತಿ ಇರುತ್ತದೆ. ಅದರಲ್ಲಿ ಮೀನುಗಾರರೂ ಸೇರಿದಂತೆ ಕಡಲ ಬದಿಯ ಸಮುದಾಯದ ಕನಿಷ್ಠ ಮೂವರು ಇರಬೇಕು ಎಂದು ನಿಯಮವೇ ಇದೆ. ನಮ್ಮ ಊರಿನ ಮಾತನ್ನು ಅಲ್ಲಿಗೆ ಮುಟ್ಟಿಸುವ. ದೋಣಿಯವರು ಮುಂದೆ ನಿಲ್ಲಬೇಕು, ನಾವು ಹಿಂದೆ. ಈ ಕಡಲನ್ನು ನಮಗಿಂತ ಜಾಸ್ತಿ ತಿಳಿದವರು ಅವರು.

4ನೇ ಅಡ್ಡರಸ್ತೆ: ಸರಿ. ಕಲ್ಲಿನ ಹಣದ ಮಾತು ಸದ್ಯಕ್ಕೆ ಬಿಟ್ಟೆ. ಆದರೆ ಜೆಸಿಬಿ ಮತ್ತೆ ಬಂದರೆ?

ನಾಡದೋಣಿ ಅಣ್ಣ: ನಾವು ಬೆಳಿಗ್ಗೆ ನಾಲ್ಕಕ್ಕೇ ದಡದಲ್ಲಿ ಇರುತ್ತೇವೆ. ಬಂದರೆ ಫೋಟೋ ತೆಗೆದು ಕೂಡಲೇ ಇಲ್ಲಿ ಹಾಕುತ್ತೇನೆ.

ಕಡಲ ಬದಿ ಕೊನೆಯ ಮನೆ: ಭಾನುವಾರ ಬೆಳಿಗ್ಗೆ ಆರೂವರೆಗೆ ಗಾಳಿಮರದ ಹತ್ತಿರ ಸೇರುವ. ಕಿತ್ತು ಹಾಕಿದ ಬಳ್ಳಿಯನ್ನು ನಾನು ನಿನ್ನೆಯೇ ಒದ್ದೆ ಗೋಣಿಯಲ್ಲಿ ಸುತ್ತಿ ಹಿತ್ತಿಲ ನೆರಳಿನಲ್ಲಿ ಇಟ್ಟಿದ್ದೇನೆ. ಅರ್ಧ ಈಗ ನೆಟ್ಟು ಸಂಜೆ ನೀರು ಹಾಕುವ, ಉಳಿದದ್ದನ್ನು ಕುಂಡಗಳಲ್ಲಿ ಬದುಕಿಸಿ ಮೊದಲ ಮಳೆಗೆ ನೆಡುವ. ಅಡ್ಡ ಕಟ್ಟಲು ತೆಂಗಿನ ಮಡಲು ಬೇಕು, ಇದ್ದವರು ತನ್ನಿ. ಅಳತೆಯ ಟೇಪ್ ಯಾರಲ್ಲಾದರೂ ಉಂಟಾ? ಗಾಳಿಮರದಿಂದ ನೀರಿನವರೆಗೆ ಎಷ್ಟು ದೂರ ಎಂದು ಬರೆದಿಟ್ಟು ಪ್ರತಿ ತಿಂಗಳು ಅಳೆಯುವ.

ಅಂಗಡಿ ಅಕ್ಕ: ಟೇಪ್ ನನ್ನ ಮಗನ ಹತ್ತಿರ ಉಂಟು. ಚಹಾ ನಾನು ತರುತ್ತೇನೆ, ಎಷ್ಟು ಜನ ಎಂದು ಶನಿವಾರ ರಾತ್ರಿಯೊಳಗೆ ತಿಳಿಸಿ.