ಅಪ್‌ಡೇಟ್: ಪೋರ್ಟ್ರೇಟ್ ಆರ್ಡರ್‌ನಲ್ಲಿ ಮುಗಿಯದ ತಿದ್ದುಪಡಿ, ದುಡ್ಡು ಕೇಳೋಕೆ ಸಂಕೋಚ

ಹೋದ ಸಲ ಕೇಳಿದ್ನಲ್ಲ, ನಾನು ಆರ್ಡರ್ ತಗೊಂಡು ಫೋಟೋ ನೋಡಿ ಪೋರ್ಟ್ರೇಟ್ (ಮುಖದ ಚಿತ್ರ) ಬರ್ಕೊಡ್ತೀನಿ, ಚಿತ್ರ ಮುಗಿದ್ಮೇಲೂ ಮೂಗು ಸರಿ ಮಾಡಿ ಬ್ಯಾಕ್‌ಗ್ರೌಂಡ್ ಬದಲಾಯ್ಸಿ ಅಂತ ಜನ ಹೇಳ್ತಾನೇ ಇರ್ತಾರೆ, ರೇಟ್ ಹೇಳೋಕೂ ಬಾಯಿ ಬರಲ್ಲ ಅಂತ. ಈಗ ಪರವಾಗಿಲ್ಲ.

ಕೈ ಹಿಡಿದಿದ್ದು "ಬಣ್ಣ ಮುಟ್ಟೋಕೆ ಮುಂಚೆ ಸ್ಕೆಚ್ ತೋರ್ಸಿ ಓಕೆ ಅನ್ನಿಸ್ಕೋ, ಅರ್ಧ ಅಡ್ವಾನ್ಸ್ ಇಸ್ಕೋ" ಅಂದವರ ಸಲಹೆ. ಸ್ಕೆಚ್ ಹಂತದಲ್ಲಿ 2 ಸಲ ತಿದ್ದುಪಡಿ ಫ್ರೀ, ಆಮೇಲೆ ಎಕ್ಸ್‌ಟ್ರಾ ಚಾರ್ಜ್ ಅಂತ ಮೆಸೇಜ್ ಟೈಪ್ ಮಾಡಿ ಇಟ್ಕೊಂಡಿದೀನಿ, ಯಾರೇ ವಿಚಾರ್ಸಿದ್ರೂ ಮೊದ್ಲು ಅದನ್ನೇ ಕಳ್ಸೋದು, ಹಾಗಾಗಿ ಬಾಯಿಬಿಟ್ಟು ಕೇಳೋ ಕಷ್ಟಾನೇ ಇಲ್ಲ. ಒಬ್ರು ಬೇಡ ಅಂದು ಹೋದ್ರು, ಹೋಗ್ಲಿ ಬಿಡಿ.

ದಿನಾ ರೀಲ್ಸ್ ಹಾಕು ಅಂತ ಕೊಟ್ಟ ಸಲಹೆ ನನಗಂತೂ ಕೆಲಸಕ್ಕೆ ಬರ್ಲಿಲ್ಲ. ಲೈಕ್ ಬಂತು, ಆರ್ಡರ್ ಬರ್ಲಿಲ್ಲ. ಬಂದಿದ್ದೆಲ್ಲ ಹಳೇ ಕಸ್ಟಮರ್‌ಗಳ ಪರಿಚಯದವರಿಂದಾನೇ. 30 ಸೆಕೆಂಡ್ ಜೆಸ್ಚರ್ ಡ್ರಾಯಿಂಗ್‌ನಿಂದ (ಮೈಯ ಭಂಗಿನ ಬೇಗ ಬೇಗ ಗೀಚಿ ಹಿಡಿಯೋ ಅಭ್ಯಾಸ) ಕೈ ಸಡಿಲ ಆಯ್ತು ನಿಜ, ಆದ್ರೆ ಮುಖದ ಹೋಲಿಕೆಗೆ ಅದು ಸಾಲಲ್ಲ. ಅದಕ್ಕೆ ಉಪಯೋಗ ಆಗಿದ್ದು ಫೋಟೋನ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೆರಳಿನ ಆಕಾರ ಮೊದ್ಲು ಹಿಡಿಯೋದು, ಆಮೇಲೆ ಚಿತ್ರಾನ ಕನ್ನಡೀಲಿ ನೋಡೋದು. ಕಣ್ಣು ಒಂದು ಮೇಲೆ ಒಂದು ಕೆಳಗೆ ಇದ್ರೆ ತಕ್ಷಣ ಗೊತ್ತಾಗತ್ತೆ.

ನಾನು ಅಂದ್ಕೊಂಡೇ ಇರದ ವಿಷ್ಯ ಅಂದ್ರೆ, ಯಾರೋ ಹೇಳಿದ್ರು ಅಂತ ಗಂಟೆ ಲೆಕ್ಕ ಬರೆದಿಟ್ರೆ ಚ್ಯಾಟ್, ಫೋಟೋ ಹುಡ್ಕೋದು, ಪ್ಯಾಕಿಂಗ್ ಇದಕ್ಕೇ ಎಷ್ಟೊಂದು ಟೈಮ್ ಹೋಗ್ತಿತ್ತು! ಈಗ ಅದನ್ನೂ ರೇಟಲ್ಲಿ ಸೇರಿಸ್ತೀನಿ. ಫ್ಲ್ಯಾಶ್ ಹಾಕಿ ತೆಗೆದ ಫೋಟೋ ತಗೊಳ್ಳಲ್ಲ, ಅದ್ರಲ್ಲಿ ಮುಖ ಚಪ್ಪಟೆ ಆಗ್ಬಿಡತ್ತೆ, ಕಿಟಕಿ ಪಕ್ಕ ನಿಂತು ತೆಗ್ಸಿ ಅಂತೀನಿ. ಫ್ಯಾಮಿಲಿ ಚಿತ್ರಕ್ಕೆ ಸದ್ಯಕ್ಕೆ ಮುಖದ ಲೆಕ್ಕದಲ್ಲಿ ರೇಟ್ ಹೇಳ್ತಿದೀನಿ.